ಸದ್ದಿಗೊಂದು ಮುನ್ಸೂಚನೆ: ದೀಪಾವಳಿಯ ಪಟಾಕಿ, ನೆರೆಹೊರೆ ಮತ್ತು ಮೂಕಪ್ರಾಣಿಗಳು

(ಉಪನ್ಯಾಸದ ಲಿಖಿತ ರೂಪ)



ವಿಶಾಖಪಟ್ಟಣ ಮತ್ತು ವಿಜಯವಾಡಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ದೀಪಾವಳಿಯನ್ನು ಆಚರಿಸುವ ಹೊತ್ತು ಬೇರೆ, ಅವರ ತೆಲುಗು ನೆರೆಯವರು ಆಚರಿಸುವ ಹೊತ್ತು ಬೇರೆ. ಕನ್ನಡಿಗರ ಮನೆಗಳಲ್ಲಿ ತ್ರಯೋದಶಿಯ ಸಂಜೆ ನೀರು ತುಂಬುವ ಹಬ್ಬ. ಚತುರ್ದಶಿಯ ಅರುಣೋದಯದಲ್ಲಿ ಅಭ್ಯಂಗಸ್ನಾನ, ಆರತಿ, ಅನಂತರ ಇನ್ನೂ ಕತ್ತಲಿರುವಾಗಲೇ ಅಂಗಳದಲ್ಲಿ ಪಟಾಕಿಯ ಮೊದಲ ಸದ್ದು. ತೆಲುಗರ ಮನೆಗಳಲ್ಲಾದರೋ ಹಬ್ಬದ ಕಳೆ ಏರುವುದು ಅಮಾವಾಸ್ಯೆಯ ಮುಸ್ಸಂಜೆಗೆ. ಅಲ್ಲಿನ ಮಕ್ಕಳು ಗೋಗು ಕಡ್ಡಿಗೆ, ಎಂದರೆ ಪುಂಡಿಯ ಕಡ್ಡಿಗೆ, ಎಣ್ಣೆಯಲ್ಲಿ ಅದ್ದಿದ ಬಟ್ಟೆಯ ಬತ್ತಿ ಕಟ್ಟಿ ಹೊತ್ತಿಸಿ, ಅದನ್ನು ನೆಲಕ್ಕೆ ಬಡಿದು, ಕಾಲು ತೊಳೆದು ಒಳಗೆ ಬಂದು ಸಿಹಿ ತಿನ್ನುತ್ತಾರೆ. ಲಕ್ಷ್ಮೀಪೂಜೆಯೂ ಮುಗಿದ ಮೇಲೆ ಪಟಾಕಿಯ ಸರದಿ. ಅಲ್ಲಿಗೂ ಹಬ್ಬ ನಿಲ್ಲುವುದಿಲ್ಲ. ಕಾರ್ತಿಕ ಶುದ್ಧ ಚೌತಿಯ ದಿನ ಆಂಧ್ರದ ಕರಾವಳಿಯಲ್ಲಿ ನಾಗುಲ ಚವಿತಿ. ಹುತ್ತಕ್ಕೆ ಹಾಲೆರೆಯುವ ಆ ದಿನಕ್ಕೆಂದೇ ಒಂದಿಷ್ಟು ಪಟಾಕಿಯನ್ನು ಎತ್ತಿಡುವ ವಾಡಿಕೆ ಅನೇಕ ಮನೆಗಳಲ್ಲಿದೆ. ಇತ್ತ ಕನ್ನಡಿಗರು ಉತ್ಥಾನ ದ್ವಾದಶಿಯ ತುಳಸೀಪೂಜೆಗೆ ಎತ್ತಿಟ್ಟಿರುತ್ತಾರೆ. ಹೀಗೆ ಚತುರ್ದಶಿಯಿಂದ ದ್ವಾದಶಿಯವರೆಗೆ ಹದಿನಾಲ್ಕು ದಿನಗಳ ಕಾಲ, ಒಂದೇ ಅಪಾರ್ಟ್‌ಮೆಂಟಿನ ಎರಡು ಮನೆಗಳಲ್ಲಿ ಒಂದರ ಸಂಭ್ರಮ ಇನ್ನೊಂದರ ನಿದ್ರೆಯ ವೇಳೆಯಲ್ಲಿ ಬೀಳುವುದುಂಟು. ಇಬ್ಬರಲ್ಲಿ ಯಾರದೂ ತಪ್ಪಲ್ಲ. ಆದರೆ ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಳ್ಳುವುದಿಲ್ಲ. ಈ ಉಪನ್ಯಾಸದ ವಿಷಯ ಮುಖ್ಯವಾಗಿ ಇದೇ.

ಪಟಾಕಿ ಶಾಸ್ತ್ರೋಕ್ತವೇ, ಅಲ್ಲವೇ ಎಂಬ ಚರ್ಚೆ ಪ್ರತಿವರ್ಷ ಏಳುತ್ತದೆ. ಅದಕ್ಕೆ ಹೆಚ್ಚು ಸಮಯ ವ್ಯಯಿಸಬೇಕಾಗಿಲ್ಲ. ಸೂರ್ಯನು ತುಲಾರಾಶಿಯಲ್ಲಿರುವಾಗ ಪ್ರದೋಷಕಾಲದಲ್ಲಿ ಕೈಯಲ್ಲಿ ಉಲ್ಕೆಯನ್ನು, ಅಂದರೆ ಉರಿಯುವ ದೀವಟಿಗೆಯನ್ನು, ಹಿಡಿದು ಪಿತೃಗಳಿಗೆ ದಾರಿ ತೋರಿಸಬೇಕೆಂಬ ವಿಧಿ ಪ್ರಾಚೀನವಾದುದು. ತೆಲುಗು ಮಕ್ಕಳ ಗೋಗು ಕಡ್ಡಿಯ ದೀವಟಿಗೆಯಲ್ಲಿ ಉಳಿದಿರುವುದು ಅದರ ನೆನಪೇ ಇರಬೇಕು. ಅಲ್ಲಿ ಬೇಕಾದದ್ದು ಬೆಳಕು, ಸದ್ದಿನ ಮಾತಿಲ್ಲ. ಮದ್ದಿನ ಸದ್ದು ಬಹಳ ಕಾಲದ ಅನಂತರ ಬಂದದ್ದು. 1443ರಲ್ಲಿ ಎರಡನೆಯ ದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕ್ ಅಲ್ಲಿಯ ಉತ್ಸವದಲ್ಲಿ ಬಾಣಬಿರುಸುಗಳನ್ನು ಕಂಡುದಾಗಿ ಬರೆದಿದ್ದಾನೆ. ಪುಣೆಯ ಭಂಡಾರಕರ್ ಸಂಸ್ಥೆಯ ವಿದ್ವಾಂಸರಾಗಿದ್ದ ಪಿ. ಕೆ. ಗೋಡೆಯವರು ಇಂತಹ ಉಲ್ಲೇಖಗಳನ್ನೆಲ್ಲ ಕಲೆಹಾಕಿ, ಭಾರತದಲ್ಲಿ ಬಿರುಸಿನ ಇತಿಹಾಸವನ್ನು 1400ರಿಂದ ಈಚೆಗೆ ಗುರುತಿಸಿ ಬರೆದ ಪ್ರಬಂಧ 1953ರಲ್ಲಿ ಬೆಂಗಳೂರಿನಿಂದಲೇ ಪ್ರಕಟವಾಯಿತು. ಆದ್ದರಿಂದ ಪಟಾಕಿ ವಿನೋದವೇ ಹೊರತು ವಿಧಿಯಲ್ಲ. ವಿನೋದಕ್ಕೆ ಸ್ಥಳ, ಕಾಲ, ಮಿತಿಗಳನ್ನು ಹಾಕಿದರೆ ಧರ್ಮಕ್ಕೆ ಲೋಪವೇನೂ ಬಾರದು. ಅಂತೆಯೇ ಮಕ್ಕಳ ಕೈಯ ಸುರುಸುರುಬತ್ತಿಯನ್ನು ಕಂಡೊಡನೆ ಮುಖ ಸಿಂಡರಿಸುವುದೂ ಬೇಕಾಗಿಲ್ಲ.

ಸದ್ದನ್ನೇ ಸಂಕೇತವನ್ನಾಗಿ ಬಳಸಿಕೊಂಡ ಒಂದು ಇಲಾಖೆಯಿದೆ. ರೈಲ್ವೆಯಲ್ಲಿ ಡಿಟೋನೇಟರ್ ಎಂಬ ಪುಟ್ಟ ಪಟಾಕಿಯುಂಟು. 1841ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಆಲ್ಫ್ರೆಡ್ ಕೌಪರ್ ಎಂಬ ಇಂಜಿನಿಯರ್ ಕಂಡುಹಿಡಿದ ಈ ವಸ್ತು ತಗಡಿನ ಚಪ್ಪಟೆ ಬಿಲ್ಲೆಯಂತಿದ್ದು, ಒಳಗೆ ಸ್ವಲ್ಪ ಮದ್ದು, ಹೊರಗೆ ಹಳಿಗೆ ಬಿಗಿಯಲು ಮಡಚಬಹುದಾದ ಲೋಹದ ಪಟ್ಟಿಗಳನ್ನು ಹೊಂದಿರುತ್ತದೆ. ಮಂಜು ಕವಿದು ಸಿಗ್ನಲ್ ಕಾಣದಾದಾಗ ಸಿಗ್ನಲ್‌ಗೆ 270 ಮೀಟರ್ ಮುಂಚಿತವಾಗಿ, ಹತ್ತು ಮೀಟರ್ ಅಂತರದಲ್ಲಿ ಎರಡು ಡಿಟೋನೇಟರ್‌ಗಳನ್ನು ಹಳಿಯ ಮೇಲಿಡುತ್ತಾರೆ. ಎಂಜಿನ್ನಿನ ಚಕ್ರ ಹತ್ತಿದೊಡನೆ ಅವು ಸಿಡಿಯುತ್ತವೆ. ಸಿಗ್ನಲ್ ಸಮೀಪಿಸಿತೆಂದು ಚಾಲಕನಿಗೆ ತಿಳಿಯುತ್ತದೆ. ಮಾರ್ಗದಲ್ಲಿ ಅಡಚಣೆಯಾದರೆ ಬ್ರಾಡ್‌ಗೇಜ್‌ನಲ್ಲಿ 600 ಮೀಟರ್ ದೂರದಲ್ಲಿ ಒಂದು, 1200 ಮೀಟರ್ ದೂರದಲ್ಲಿ ಮೂರು ಇಡಬೇಕೆಂಬುದು ನಿಯಮ. ಈ ಬಿಲ್ಲೆಗಳನ್ನು ತಗಡಿನ ಡಬ್ಬಿಯಲ್ಲಿ, ತೇವ ಮತ್ತು ಬೆಂಕಿಯಿಂದ ದೂರವಿಡುತ್ತಾರೆ. ತಯಾರಾದ ವರ್ಷ ಅವುಗಳ ಮೇಲೆ ಅಚ್ಚಾಗಿರುತ್ತದೆ. ಎಷ್ಟು ಬಂದವು, ಎಷ್ಟು ಸಿಡಿದವು, ಎಷ್ಟು ಉಳಿದವು ಎಂಬ ಲೆಕ್ಕವನ್ನು ಕೊಡಬೇಕು. ಅಂಗೈಯಗಲದ ಮದ್ದಿಗೆ ಇಷ್ಟು ಕಟ್ಟುಪಾಡು! ಅದೇ ಕಾಲೋನಿಯ ಮನೆಯಲ್ಲಿ ಹಬ್ಬದ ದಿನ ಅದರ ನೂರುಪಟ್ಟು ಮದ್ದು ಮಂಚದ ಕೆಳಗೆ ರಟ್ಟಿನ ಪೆಟ್ಟಿಗೆಯಲ್ಲಿ ಬಿದ್ದಿರುತ್ತದೆ ಎಂಬುದು ಯೋಚಿಸತಕ್ಕ ಸಂಗತಿ.

ಚಾಲಕನು ಆ ಸದ್ದಿಗೆ ಬೆಚ್ಚುವುದಿಲ್ಲ. ಅದು ಎಲ್ಲಿ, ಏಕೆ, ಎಷ್ಟು ಸಲ ಕೇಳಿಬರುವುದೆಂದು ಆತನಿಗೆ ಮೊದಲೇ ತಿಳಿದಿರುತ್ತದೆ. ಹಬ್ಬದ ಪಟಾಕಿಯನ್ನು ಹಚ್ಚುವವನ ಸ್ಥಿತಿಯೂ ಹಾಗೆಯೇ; ಬತ್ತಿಗೆ ಕಿಡಿ ತಾಗಿಸಿ ಕಿವಿ ಮುಚ್ಚಿಕೊಂಡು ಕಾಯುವ ಮಗುವಿಗೆ ಅದು ಆನಂದ. ಗೋಡೆಯಾಚೆ ಮಲಗಿರುವ ಹೃದ್ರೋಗಿಗೆ, ಹದಿನೈದು ದಿನದ ಶಿಶುವಿಗೆ, ಮೆಟ್ಟಿಲಡಿಯ ನಾಯಿಗೆ ಅದೇ ಸದ್ದು ಏಟಿನಂತೆ ಬಡಿಯುತ್ತದೆ. ಮುನ್ಸೂಚನೆಯುಳ್ಳ ಸದ್ದಿಗೂ ಇಲ್ಲದ ಸದ್ದಿಗೂ ಇರುವ ಅಂತರ ಡೆಸಿಬೆಲ್ ಮಾಪಕದಲ್ಲಿ ಕಾಣುವುದಿಲ್ಲ.

ಹಾಗೆಂದು ಡೆಸಿಬೆಲ್ಲನ್ನು ಕಡೆಗಣಿಸುವಂತಿಲ್ಲ. ಕೇಂದ್ರ ಸರ್ಕಾರದ 1999ರ ನಿಯಮದಂತೆ, ಸಿಡಿಯುವ ಜಾಗದಿಂದ ನಾಲ್ಕು ಮೀಟರ್ ದೂರದಲ್ಲಿ 125 ಡೆಸಿಬೆಲ್‌ಗಿಂತ ಹೆಚ್ಚು ಸದ್ದು ಮಾಡುವ ಪಟಾಕಿಯನ್ನು ತಯಾರಿಸುವಂತಿಲ್ಲ, ಮಾರುವಂತಿಲ್ಲ. ಬಯಲಿನಲ್ಲಿ ದೂರ ಇಮ್ಮಡಿಸಿದಂತೆಲ್ಲ ಸದ್ದು ಆರು ಡೆಸಿಬೆಲ್‌ನಷ್ಟು ಇಳಿಯುತ್ತದೆ. ನಾಲ್ಕು ಮೀಟರಿಗೆ 125 ಇದ್ದುದು ಎಂಟಕ್ಕೆ 119, ಹದಿನಾರಕ್ಕೆ 113, ಮೂವತ್ತೆರಡು ಮೀಟರಿಗೆ 107. ಅಷ್ಟು ದೂರ ಹೋದ ಮೇಲೂ ಅದು ಅಬ್ಬರದ ಸದ್ದೇ. ಇದು ಬಯಲಿನ ಲೆಕ್ಕ. ವಿಜಯವಾಡದ ಹಳೆಯ ಪೇಟೆಯ ಬೀದಿಗಳಲ್ಲಿ, ಎರಡೂ ಕಡೆ ಮೂರಂತಸ್ತಿನ ಗೋಡೆಗಳ ನಡುವೆ, ಸದ್ದಿಗೆ ಹರಡಲು ಎಡೆಯಿಲ್ಲದೆ ಅದು ಗೋಡೆಯಿಂದ ಗೋಡೆಗೆ ಪುಟಿಯುತ್ತ ಸಾಗುತ್ತದೆ. ಈ ಇಳಿತ ಅಲ್ಲಿ ಸಿಕ್ಕದು. ಇನ್ನು ಅಪಾರ್ಟ್‌ಮೆಂಟುಗಳ ಕೆಳಗಿನ ವಾಹನ ನಿಲ್ಲಿಸುವ ಜಾಗವಂತೂ ಮೇಲೆ ಕಾಂಕ್ರೀಟಿನ ಮುಚ್ಚಳ ಹಾಕಿದ ಡೋಲಿನಂತೆ. ಮಳೆ ಬಂತೆಂದು ಪಟಾಕಿಯನ್ನು ಅಲ್ಲಿ, ಪೆಟ್ರೋಲ್ ತುಂಬಿದ ಸ್ಕೂಟರುಗಳ ನಡುವೆ ಹಚ್ಚುವುದಕ್ಕಿಂತ ಅವಿವೇಕ ಮತ್ತೊಂದಿಲ್ಲ.

ಪ್ರಾಣಿಗಳ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಏಕೆಂದರೆ ಅವು ದೂರು ಕೊಡಲಾರವು. ಮನುಷ್ಯನ ಕಿವಿ ಹೆಚ್ಚೆಂದರೆ 20,000 ಹರ್ಟ್ಸ್ ಕಂಪನಾಂಕದ ಸದ್ದನ್ನು ಗ್ರಹಿಸುತ್ತದೆ. ನಾಯಿ ಸುಮಾರು 45,000ದವರೆಗೆ, ಬೆಕ್ಕು ಸುಮಾರು 64,000ದವರೆಗೆ ಕೇಳಬಲ್ಲದು. ಪಟಾಕಿಯ ಸಿಡಿತದಲ್ಲಿ ಮನುಷ್ಯರಿಗೆ ಕೇಳದ ಎಷ್ಟೋ ಅಂಶ ಅವಕ್ಕೆ ಕೇಳಿಸುತ್ತದೆ. ಮೇಲಾಗಿ ನಾಳೆ ಬೆಳಗಾದರೆ ಇದು ಮುಗಿಯುತ್ತದೆಂಬ ಸಮಾಧಾನ ಅವಕ್ಕಿಲ್ಲ. ಬಾಯಿ ತೆರೆದು ಏದುಸಿರು ಬಿಡುವುದು, ಜೊಲ್ಲು ಸುರಿಸುವುದು, ನಿಂತಲ್ಲಿ ನಿಲ್ಲದೆ ಅತ್ತಿತ್ತ ತಿರುಗುವುದು, ಮೂಲೆ ಸೇರಿ ನಡುಗುವುದು, ಇವೆಲ್ಲ ಭಯದ ಲಕ್ಷಣಗಳು. ಅದನ್ನು ಮೊಂಡುತನವೆಂದು ಭಾವಿಸಿ ಗದರಿಸುವುದರಿಂದ ಭಯ ಇಮ್ಮಡಿಯಾಗುತ್ತದೆ. ಹಗ್ಗ ಬಿಚ್ಚಿಕೊಂಡು ಓಡಿದ ನಾಯಿ ಎಷ್ಟು ದೂರ ಓಡಿತೆಂದು ಅದಕ್ಕೇ ತಿಳಿಯದು. ರಸ್ತೆಯಲ್ಲಿ, ರೈಲುಹಳಿಯಲ್ಲಿ ಕೊನೆಗಾಣುವುದುಂಟು.

ಇದಕ್ಕೆ ಮಾಡಬೇಕಾದುದು ಕಷ್ಟದ ಕೆಲಸವೇನಲ್ಲ. ಹಬ್ಬದ ದಿನ ನಾಯಿಯ ವಾಯುವಿಹಾರವನ್ನು ಹಗಲಿನಲ್ಲೇ ಮುಗಿಸಿ, ಸಂಜೆಗೆ ಮುನ್ನ ಊಟ ಹಾಕಬೇಕು. ಕಿಟಕಿ ಮುಚ್ಚಿ, ಪರದೆ ಎಳೆದು, ಫ್ಯಾನನ್ನೋ ರೇಡಿಯೋವನ್ನೋ ಹಾಕಿದರೆ ಹೊರಗಿನ ಸದ್ದು ತುಸು ಮಂಕಾಗುತ್ತದೆ. ಅದು ಮಂಚದ ಕೆಳಗೆ ಅಡಗಿದರೆ ಎಳೆದು ತರಬಾರದು. ಆ ಹೊತ್ತಿಗೆ ಅದಕ್ಕೆ ಅದೇ ಕೋಟೆ. ಕಟ್ಟಿಹಾಕುವುದೂ ಸಲ್ಲ. ಗಾಬರಿಯಲ್ಲಿ ಹಗ್ಗ ಕೊರಳಿಗೆ ಬಿಗಿಯಬಹುದು. ಕೊರಳಪಟ್ಟಿಯಲ್ಲಿ ಮನೆಯವರ ಫೋನ್ ಸಂಖ್ಯೆ ಇರಲಿ. ಅತಿಯಾಗಿ ಹೆದರುವ ನಾಯಿಗೆ ಔಷಧವುಂಟು. ಆದರೆ ಪಶುವೈದ್ಯರನ್ನು ಹಬ್ಬಕ್ಕೆ ಒಂದೆರಡು ವಾರ ಮೊದಲೇ ಕಾಣಬೇಕು. ಮನೆಯ ಹಿರಿಯರ ನಿದ್ರೆಗುಳಿಗೆಯಲ್ಲಿ ಅರ್ಧ ಮುರಿದು ಹಾಕುವ ಚಿಕಿತ್ಸೆ ಅಪಾಯಕರ. ಬೆಕ್ಕಿಗಂತೂ ಜ್ವರದ ಪ್ಯಾರಾಸಿಟಮಾಲ್ ವಿಷವೇ ಸರಿ. ಮಡಿಯ ಮನೆಗಳಲ್ಲಿ ನಾಯಿಯನ್ನು ಒಳಗೆ ಬಿಡುವ ರೂಢಿಯಿಲ್ಲವೆಂಬ ಆಕ್ಷೇಪ ಬರುವುದು ಸಹಜ. ಮೊಮ್ಮಕ್ಕಳು ಹಟ ಹಿಡಿದು ತಂದ ನಾಯಿ ಇಂದು ಅನೇಕ ಮನೆಗಳ ಹೊರಬಾಗಿಲಲ್ಲಿದೆ. ಅಡುಗೆಮನೆ, ದೇವರಮನೆಗಳನ್ನು ಬಿಟ್ಟು ಹೊರಕೋಣೆಯೊಂದನ್ನು ನಾಲ್ಕು ರಾತ್ರಿ ಅದಕ್ಕೆ ಕೊಟ್ಟರೆ ಮಡಿಗೆ ಭಂಗವಿಲ್ಲ. ಬೀದಿನಾಯಿಗಳಿಗೆ ಮೆಟ್ಟಿಲಡಿಯ ಜಾಗ ಬಿಟ್ಟುಕೊಟ್ಟರೆ, ಒಂದು ಬಟ್ಟಲು ನೀರಿಟ್ಟರೆ ಸಾಕು. ನಾಯಿಯ ಬಾಲಕ್ಕೆ ಪಟಾಕಿಸರ ಕಟ್ಟುವ ಪುಂಡಾಟ 1960ರ ಪ್ರಾಣಿಹಿಂಸಾ ನಿವಾರಣಾ ಕಾಯ್ದೆಯಂತೆ ಅಪರಾಧ. ಮಕ್ಕಳಿಗೆ ಇದನ್ನು ಕಾನೂನಿನ ಭಾಷೆಯಲ್ಲಿ ಹೇಳುವುದಕ್ಕಿಂತ ಕಿವಿ ಹಿಂಡಿ ಹೇಳುವುದೇ ಲೇಸು.

ಹಸುವಿನ ಪಾಡು ಬೇರೆ. ಈ ಎರಡು ನಗರಗಳ ಬೀದಿಗಳಲ್ಲೂ ದನಗಳು ರಾತ್ರಿ ರಸ್ತೆಯ ಮಗ್ಗುಲಲ್ಲೇ ಮಲಗುತ್ತವೆ. ಅಮಾವಾಸ್ಯೆಯ ರಾತ್ರಿಯೆಲ್ಲ ಬೆದರಿ ಓಡಾಡಿದ ಹಸುವನ್ನೇ ಬಲಿಪಾಡ್ಯಮಿಯ ಬೆಳಗ್ಗೆ ಕರೆದು ಅರಿಶಿನ ಕುಂಕುಮ ಹಚ್ಚಿ ಗೋಪೂಜೆ ಮಾಡುವುದು ನಡೆದಿದೆ. ಇನ್ನು ಮರದ ಮೇಲೆ ಮಲಗಿದ ಹಕ್ಕಿಗಳು ಸದ್ದಿಗೆ ಎದ್ದು ಕತ್ತಲಲ್ಲಿ ಹಾರಿ ತಂತಿಗೆ, ಗೋಡೆಗೆ ಬಡಿದುಕೊಳ್ಳುತ್ತವೆ. ತಮಿಳುನಾಡಿನ ಶಿವಗಂಗೆ ಜಿಲ್ಲೆಯ ವೆಟ್ಟಂಗುಡಿ ಪಕ್ಷಿಧಾಮದ ಮಗ್ಗುಲಲ್ಲಿ ಕೊಳ್ಳುಕುಡಿಪಟ್ಟಿ ಎಂಬ ಹಳ್ಳಿಯಿದೆ. ಅಲ್ಲಿಯ ಕೆರೆಗೆ ಬಂದು ಗೂಡು ಕಟ್ಟುವ ಹಕ್ಕಿಗಳು ಬೆದರಬಾರದೆಂದು ಹಳ್ಳಿಯವರು ದಶಕಗಳಿಂದ ದೀಪಾವಳಿಗೆ ಪಟಾಕಿ ಹಚ್ಚಿಲ್ಲ. ಯಾರ ಆಜ್ಞೆಯೂ ಅದಕ್ಕೆ ಬೇಕಾಗಲಿಲ್ಲ.

ಕಾಲದ ಪ್ರಶ್ನೆಗೆ ಬಂದರೆ ಕನ್ನಡ ಕುಟುಂಬಗಳಿಗೆ ಒಂದು ನಿಜವಾದ ತೊಡಕಿದೆ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಸದ್ದಿನ ಪಟಾಕಿ ಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2005ರ ಜುಲೈ 18ರಂದು ತೀರ್ಪಿತ್ತಿತು. 2018ರ ಅಕ್ಟೋಬರ್ 23ರ ತೀರ್ಪು ಇನ್ನೂ ಬಿಗಿ: ದೀಪಾವಳಿಯಂದು ರಾತ್ರಿ 8ರಿಂದ 10ರವರೆಗೆ ಮಾತ್ರ, ಹಸಿರು ಪಟಾಕಿ ಮಾತ್ರ, ಸರಪಟಾಕಿಗೆ ಮತ್ತು ಬೇರಿಯಂ ಲವಣಕ್ಕೆ ನಿಷೇಧ. ದಕ್ಷಿಣದಲ್ಲಿ ಹಬ್ಬ ಬೆಳಗಿನ ಜಾವದ್ದೆಂದು ತಮಿಳುನಾಡು ವಿನಂತಿಸಿಕೊಂಡಾಗ, ಒಟ್ಟು ಎರಡು ಗಂಟೆ ಮೀರದಂತೆ ಹೊತ್ತನ್ನು ಬದಲಿಸಿಕೊಳ್ಳಲು ನ್ಯಾಯಾಲಯ ಅನುಮತಿಸಿತು. ಆ ರಾಜ್ಯವು ಆ ವರ್ಷ ಬೆಳಗ್ಗೆ 6ರಿಂದ 7, ಸಂಜೆ 7ರಿಂದ 8 ಎಂದು ಗೊತ್ತುಪಡಿಸಿತು. ಅಲ್ಲಿಯೂ ಆರು ಗಂಟೆಗೆ ಮುನ್ನ ಇಲ್ಲ ಎಂಬುದು ಗಮನಾರ್ಹ. ಅಕ್ಟೋಬರ್ ಕೊನೆಯಲ್ಲಿ ವಿಶಾಖಪಟ್ಟಣದಲ್ಲೂ ವಿಜಯವಾಡದಲ್ಲೂ ಸೂರ್ಯೋದಯವಾಗುವುದು ಆರರ ಆಸುಪಾಸಿನಲ್ಲೇ. ಅಂದರೆ ಅರುಣೋದಯದ ಕತ್ತಲಲ್ಲಿ ಪಟಾಕಿ ಹಚ್ಚುವ ಹಳೆಯ ರೂಢಿಗೆ ಈಗ ಎಡೆಯಿಲ್ಲ. ಅಭ್ಯಂಗ, ಆರತಿ, ಬಾಗಿಲ ದೀಪ, ಇವು ಅರುಣೋದಯದಲ್ಲೇ ನಡೆಯಲಿ. ಅವಕ್ಕೆ ಯಾವ ನ್ಯಾಯಾಲಯವೂ ಅಡ್ಡಿಯಲ್ಲ. ಮಕ್ಕಳ ಪಟಾಕಿ ಮಾತ್ರ ಸಂಜೆಯವರೆಗೆ ಕಾಯಲಿ, ಆ ವರ್ಷ ಪೊಲೀಸರು ಪ್ರಕಟಿಸಿದ ಹೊತ್ತನ್ನು ನೋಡಿಕೊಂಡು. ನಾಲ್ಕೂವರೆಗೆ ಸಿಡಿಯುವ ಲಕ್ಷ್ಮೀ ಪಟಾಕಿಯಿಂದ, ತೆಲುಗು ನೆರೆಯವನು ಹಾಸಿಗೆಯಿಂದ ಎದ್ದು ಕುಳಿತರೆ ಕನ್ನಡಿಗರ ಬಗ್ಗೆ ಅವನಿಗೆ ಗೌರವ ಹೆಚ್ಚಲಾರದು.

ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯವೆಂಬುದು 2000ದ ಶಬ್ದಮಾಲಿನ್ಯ ನಿಯಮ. ವಿಶಾಖಪಟ್ಟಣದ ಕಿಂಗ್ ಜಾರ್ಜ್ ಆಸ್ಪತ್ರೆಯಂತಹ ದೊಡ್ಡ ಆಸ್ಪತ್ರೆಗಳ ಬಳಿ ಫಲಕವಿರುತ್ತದೆ. ಗಲ್ಲಿಯ ಒಂದನೆಯ ಮಹಡಿಯ ಸಣ್ಣ ನರ್ಸಿಂಗ್ ಹೋಮ್‌ಗೆ ಫಲಕವಿಲ್ಲ. ಅದನ್ನು ನೆರೆಯವರೇ ನೆನಪಿಡಬೇಕು.

ಪಟಾಕಿಯಿಂದಾಗುವ ದೊಡ್ಡ ಅನಾಹುತಗಳು ನಡೆಯುವುದು ಅದನ್ನು ಹಚ್ಚುವಾಗಲ್ಲ. ಮಾಡುವಾಗ, ಇಡುವಾಗ, ಸಾಗಿಸುವಾಗ, ಮಾರುವಾಗ. 2022ರ ಅಕ್ಟೋಬರ್ 23, ಭಾನುವಾರ ಬೆಳಗ್ಗೆ, ಹಬ್ಬಕ್ಕೆ ಒಂದು ದಿನ ಮುನ್ನ, ವಿಜಯವಾಡದ ಗಾಂಧಿನಗರದ ಜಿಮ್ಖಾನಾ ಮೈದಾನದ ಪಟಾಕಿ ಅಂಗಡಿಗಳಿಗೆ ಬೆಂಕಿ ಬಿದ್ದು ಇಬ್ಬರು ಕಾರ್ಮಿಕರು ಸುಟ್ಟು ಸತ್ತರು. 2008ರ ಸ್ಫೋಟಕ ನಿಯಮಗಳು ಇಂತಹ ತಾತ್ಕಾಲಿಕ ಅಂಗಡಿಗಳಿಗೆ ಸ್ಪಷ್ಟ ಲೆಕ್ಕ ಕೊಟ್ಟಿವೆ: ಬೆಂಕಿ ಹತ್ತದ ವಸ್ತುವಿನಿಂದ ಕಟ್ಟಿರಬೇಕು, ಅಂಗಡಿಯಿಂದ ಅಂಗಡಿಗೆ ಕನಿಷ್ಠ ಮೂರು ಮೀಟರ್, ವಸತಿ ಮುಂತಾದ ಕಟ್ಟಡಗಳಿಂದ 50 ಮೀಟರ್ ಅಂತರವಿರಬೇಕು, ಒಂದರ ಎದುರು ಇನ್ನೊಂದು ಇರಕೂಡದು, ಎಣ್ಣೆದೀಪ, ಗ್ಯಾಸ್‌ದೀಪ ಕೂಡದು. ಕೊಳ್ಳುವವರು ಈ ಅಂತರವನ್ನು ಕಣ್ಣಳತೆಯಲ್ಲೇ ನೋಡಬಹುದು. ಬಟ್ಟೆಯ ಚಪ್ಪರದ ಕೆಳಗೆ ಒತ್ತೊತ್ತಾಗಿ ನಿಂತ ಅಂಗಡಿಗೆ ಮಕ್ಕಳನ್ನು ಕರೆದೊಯ್ಯದಿರುವುದು ಒಳಿತು, ಬೆಲೆ ಎಷ್ಟೇ ಅಗ್ಗವಾಗಿದ್ದರೂ.

2024ರ ದೀಪಾವಳಿಯ ದಿನ, ಅಕ್ಟೋಬರ್ 31ರಂದು, ವಿಜಯವಾಡದಿಂದ ಹೆಚ್ಚು ದೂರವಿಲ್ಲದ ಏಲೂರಿನಲ್ಲಿ ಒಬ್ಬಾತ ಸ್ಕೂಟರಿನಲ್ಲಿ ಈರುಳ್ಳಿ ಬಾಂಬುಗಳನ್ನು ಒಯ್ಯುತ್ತಿದ್ದಾಗ ವಾಹನ ಗುಂಡಿಗೆ ಬಿತ್ತು. ಆ ಪೆಟ್ಟಿಗೇ ಸರಕು ಸಿಡಿಯಿತು. ಆತ ಸ್ಥಳದಲ್ಲೇ ಮಡಿದ, ದಾರಿಹೋಕರೂ ಗಾಯಗೊಂಡರು. ನೆಲಕ್ಕೆ ಎಸೆದರೆ ಸಿಡಿಯುವ ಈ ಜಾತಿಯ ಮದ್ದಿಗೆ ಬೆಂಕಿಯೇ ಬೇಕಾಗಿಲ್ಲ, ಪೆಟ್ಟು ಸಾಕು. ಕ್ಲೋರೇಟ್ ಮತ್ತು ಗಂಧಕ ಬೆರೆಸಿದ ಮದ್ದನ್ನು ಸರ್ಕಾರ 1992ರಲ್ಲೇ ನಿಷೇಧಿಸಿದ್ದುದು ಇದೇ ಕಾರಣಕ್ಕೆ. ಹೆಸರು, ವಿಳಾಸ, ತಯಾರಿಕೆಯ ವರ್ಷ ಅಚ್ಚಾಗಿರದ, ಕಾಗದದಲ್ಲಿ ಸುತ್ತಿ ದಾರ ಬಿಗಿದ ನಾಟಿ ಸರಕನ್ನು ಮನೆಗೆ ತರಲೇಬಾರದು. ಅದನ್ನು ತಯಾರಿಸುವವರ ಬಾಳೂ ಅಷ್ಟೇ ಅನಿಶ್ಚಿತ. ವಿಶಾಖಪಟ್ಟಣಕ್ಕೆ ಹೊಂದಿಕೊಂಡ ಅನಕಾಪಲ್ಲಿ ಜಿಲ್ಲೆಯ ಕೈಲಾಸಪಟ್ನಂನಲ್ಲಿ 2025ರ ಏಪ್ರಿಲ್ 13ರಂದು ಪಟಾಕಿ ತಯಾರಿಕೆಯ ಘಟಕ ಸಿಡಿದು ಎಂಟು ಮಂದಿ ಸತ್ತರು.

ಕನ್ನಡ ನಾಡಿನ ಗಡಿಗಳಲ್ಲೂ ಇದೇ ಕಥೆ. 2023ರ ಅಕ್ಟೋಬರ್ 7ರಂದು ಬೆಂಗಳೂರಿನ ಅಂಚಿನ ಅತ್ತಿಬೆಲೆಯಲ್ಲಿ ಪಟಾಕಿ ಮಳಿಗೆಗೆ ಬೆಂಕಿ ಬಿದ್ದು ಹದಿನಾಲ್ಕಕ್ಕೂ ಹೆಚ್ಚು ಜನ ಸತ್ತರು. ಹಬ್ಬದ ಕೂಲಿಗೆಂದು ಬಂದ ಹುಡುಗರೇ ಅವರಲ್ಲಿ ಹೆಚ್ಚು. 2024ರ ಅಕ್ಟೋಬರ್ 28ರ ರಾತ್ರಿ ಕಾಸರಗೋಡು ಜಿಲ್ಲೆಯ ನೀಲೇಶ್ವರದ ದೈವಸ್ಥಾನವೊಂದರಲ್ಲಿ ತೆಯ್ಯಂ ನಡೆಯುತ್ತಿದ್ದಾಗ, ಹಚ್ಚಿದ ಸುಡುಮದ್ದಿನ ಕಿಡಿ ಮಗ್ಗುಲಲ್ಲೇ ಇದ್ದ ದಾಸ್ತಾನಿಗೆ ತಾಗಿ 150ಕ್ಕೂ ಹೆಚ್ಚು ಭಕ್ತರು ಗಾಯಗೊಂಡರು. ಕೆಲವರು ಅನಂತರ ತೀರಿಕೊಂಡರು. ಕೊಲ್ಲಂ ಬಳಿಯ ಪರವೂರಿನ ಪುಟ್ಟಿಂಗಲ್ ದೇವಾಲಯದಲ್ಲಿ 2016ರ ಏಪ್ರಿಲ್ 10ರಂದು ನೂರಕ್ಕೂ ಹೆಚ್ಚು ಜನ ಸತ್ತುದೂ ಹಚ್ಚುವ ಜಾಗಕ್ಕೂ ಇಡುವ ಜಾಗಕ್ಕೂ ನಡುವೆ ಇರಬೇಕಾದ ಅಂತರ ಇಲ್ಲದೆ. ರಥೋತ್ಸವದಲ್ಲೋ ದೀಪೋತ್ಸವದಲ್ಲೋ ಮದ್ದು ಸುಡುವ ಸಂಪ್ರದಾಯವಿರುವ ಪ್ರತಿಯೊಂದು ದೇವಾಲಯ, ಮಠ ಮತ್ತು ಸಂಘದ ಕಾರ್ಯಕರ್ತರು ಮೊದಲು ಕೇಳಬೇಕಾದ ಪ್ರಶ್ನೆ ಇದೊಂದೇ: ಉಳಿದ ಸರಕು ಎಲ್ಲಿದೆ? ಮನೆಯ ಅಂಗಳಕ್ಕೂ ಅದೇ ಪ್ರಶ್ನೆ. ಹಚ್ಚುವ ಕಡೆ ಇರುವುದು ಹಚ್ಚುವಷ್ಟೇ ಇರಲಿ. ಮಿಕ್ಕದ್ದು ಮುಚ್ಚಿದ ಪೆಟ್ಟಿಗೆಯಲ್ಲಿ, ಗಾಳಿಯ ಎದುರುದಿಕ್ಕಿನಲ್ಲಿ, ಬಾಗಿಲಾಚೆ ಇರಲಿ. ದೇವರಮನೆಯ ನಂದಾದೀಪದ ಕೆಳಗಿನ ಕಪಾಟಾಗಲಿ, ಅಡುಗೆಮನೆಯ ಅಟ್ಟವಾಗಲಿ ಅದಕ್ಕೆ ತಕ್ಕ ಜಾಗವಲ್ಲ. ತೇವವಾಯಿತೆಂದು ತವದ ಮೇಲೆ ಬೆಚ್ಚಗೆ ಮಾಡುವ ಸಾಹಸಿಗಳೂ ಉಂಟಂತೆ!

ರಜೆಗೆ ಊರಿಗೆ ಹೊರಟವರು ಹುಬ್ಬಳ್ಳಿಗೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ಸಿನಲ್ಲೋ ಬೆಂಗಳೂರಿಗೆ ಹೋಗುವ ಪ್ರಶಾಂತಿಯಲ್ಲೋ ಬಟ್ಟೆಯ ಪೆಟ್ಟಿಗೆಯಲ್ಲಿ ಪಟಾಕಿಯನ್ನು ಇಟ್ಟುಕೊಂಡು ಹೋಗುವುದು ಹೊಸತಲ್ಲ. ಇದು 1989ರ ರೈಲ್ವೆ ಕಾಯ್ದೆಯ 164ನೆಯ ಕಲಮಿನಂತೆ ಮೂರು ವರ್ಷಗಳವರೆಗೆ ಸೆರೆವಾಸಕ್ಕೆ ಗುರಿಯಾಗಬಹುದಾದ ಅಪರಾಧ. ಅದರಿಂದಾದ ನಷ್ಟವನ್ನೂ ತುಂಬಿಕೊಡಬೇಕು. ದಂಡದ ಮಾತು ಹಾಗಿರಲಿ. ಓಡುವ ರೈಲಿನಲ್ಲಿ ಬೆಂಕಿಗೆ ಗಾಳಿ ತಾನಾಗಿ ಒದಗುತ್ತದೆ, ಮಲಗಿದವರಿಗೆ ಬಾಗಿಲು ಒದಗುವುದಿಲ್ಲ. ಊರಿನ ಮೊಮ್ಮಕ್ಕಳಿಗೆ ಪಟಾಕಿ ಊರಿನಲ್ಲೇ ಸಿಗುತ್ತದೆ.

ವಿಶಾಖಪಟ್ಟಣಕ್ಕೆ ಅದರದೇ ಕೆಲವು ವಿಶೇಷಗಳಿವೆ. ರಾಮಕೃಷ್ಣ ಬೀಚಿನಲ್ಲಿ ವಿಶಾಲವಾದ ಮರಳಿದೆ, ರಾಕೆಟ್ ಹಾರಿಸಲು ಪ್ರಶಸ್ತ ಜಾಗವೆಂದು ತೋರುತ್ತದೆ. ಆದರೆ ಮುಸ್ಸಂಜೆಯಲ್ಲಿ ಗಾಳಿ ಸಾಮಾನ್ಯವಾಗಿ ಸಮುದ್ರದಿಂದ ನೆಲದತ್ತ ಬೀಸುತ್ತದೆ. ಸಮುದ್ರದ ಮೇಲೆ ಹೋಗಲೆಂದು ಬಿಟ್ಟ ರಾಕೆಟ್ಟು ಬೀಚ್ ರಸ್ತೆಯ ಜನರ ಮೇಲೆ, ಬೆಸ್ತರ ದೋಣಿ ಬಲೆಗಳ ಮೇಲೆ ತಿರುಗಿ ಬೀಳಬಹುದು. ನೈಲಾನ್ ಬಲೆ ಮತ್ತು ಡೀಸೆಲ್ ತುಂಬಿದ ದೋಣಿಗಳು ಎಷ್ಟು ಬೇಗ ಉರಿಯುತ್ತವೆಂಬುದನ್ನು 2023ರ ನವೆಂಬರ್ 19ರ ರಾತ್ರಿ ಮೀನುಗಾರಿಕಾ ಬಂದರು ಕಂಡಿದೆ. ಅಂದು ಹತ್ತಾರು ದೋಣಿಗಳು ಭಸ್ಮವಾದವು. ಕಾರಣ ಪಟಾಕಿಯಲ್ಲ, ಆದರೆ ಒಂದು ಕಿಡಿಗೆ ಅಷ್ಟೇ ಸಾಕಾಗಿತ್ತು. ಹೊಸವರ್ಷದ ನಡುರಾತ್ರಿಯ ಬಿರುಸಾದ ಮೇಲೆ ಇದೇ ಮರಳಿಗೆ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆಯಿಡಲು ಬರುವ ತಿಂಗಳುಗಳು ಆರಂಭವಾಗುತ್ತವೆ ಎಂಬುದನ್ನೂ ಮರೆಯಬಾರದು. ನಗರದ ಮೂರು ಕಡೆ ಬೆಟ್ಟಗಳಿರುವುದರಿಂದ ಗಾಳಿಯಿಲ್ಲದ ರಾತ್ರಿ ಹೊಗೆ ಬಟ್ಟಲಿನಲ್ಲಿ ನಿಂತ ನೀರಿನಂತೆ ನಿಲ್ಲುತ್ತದೆ. ಸದ್ದೇ ಇಲ್ಲವೆಂದು ಪುಟ್ಟ ಮಕ್ಕಳಿಗೆ ಕೊಡುವ ಹಾವಿನ ಗುಳಿಗೆಯೇ ಅತಿ ಹೆಚ್ಚು ಸೂಕ್ಷ್ಮ ಕಣಗಳ ಹೊಗೆ ಕಾರುವುದೆಂದು 2016ರಲ್ಲಿ ಪುಣೆಯ ಸಂಶೋಧಕರು ಅಳೆದು ಕಂಡರು. ಉಬ್ಬಸವಿರುವವರ ಮನೆಯಲ್ಲಿ ಅದು ಬೇಡವೇ ಬೇಡ.

ಈ ನಗರ ಪಟಾಕಿಯಿಲ್ಲದ ದೀಪಾವಳಿಯನ್ನೂ ಕಂಡಿದೆ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ಅಪ್ಪಳಿಸಿ ಮರಗಳನ್ನು ಮಲಗಿಸಿತು. ಹನ್ನೊಂದು ದಿನಗಳ ಅನಂತರ ಹಬ್ಬ ಬಂದಾಗ ಬೀದಿಬೀದಿಗಳಲ್ಲಿ ಕೊಂಬೆ ಎಲೆಗಳು ಒಣಗಿ ಬಿದ್ದಿದ್ದವು. ಪಟಾಕಿ ಹಚ್ಚಬೇಡಿರೆಂದು ಸರ್ಕಾರ ಕೇಳಿಕೊಂಡಿತು. ಆ ವರ್ಷದ ಅಮಾವಾಸ್ಯೆಯ ಸಂಜೆ ಬೀಚ್ ರಸ್ತೆಯಲ್ಲಿ ಜನ ಮೇಣದ ಬತ್ತಿ ಹಿಡಿದು ನಡೆದರು. ನಾಗುಲ ಚವಿತಿಗೆ ಒಣಹುಲ್ಲಿನ ನಡುವಿನ ಹುತ್ತದ ಬಳಿ ಪಟಾಕಿ ಹಚ್ಚುವವರು ಆ ವರ್ಷದ ಎಚ್ಚರವನ್ನು ನೆನಪಿಟ್ಟುಕೊಂಡರೆ ಸಾಕು. ವಿಜಯವಾಡದಲ್ಲಿ 2024ರ ಅಕ್ಟೋಬರ್ 22ರಂದು ಕೃಷ್ಣೆಯ ಪುನ್ನಮಿ ಘಾಟ್ ಮೇಲೆ ಸುಮಾರು 5,500 ಡ್ರೋನ್‌ಗಳು ಆಕಾಶದಲ್ಲಿ ಚಿತ್ರ ಬರೆದುದನ್ನು ನೋಡಲು ನೆರೆದ ಜನಸಾಗರವನ್ನು ಗಮನಿಸಿದರೆ, ಬೆಳಕಿಗೆ ಜನರನ್ನು ಸೆಳೆಯಲು ಸ್ಫೋಟವೇ ಬೇಕೆಂದೇನಿಲ್ಲ ಎಂದು ತಿಳಿಯುತ್ತದೆ.

ಹಚ್ಚುವ ಕ್ರಮದ ಬಗ್ಗೆ ಹೇಳಬೇಕಾದುದು ಎಲ್ಲರಿಗೂ ಗೊತ್ತಿರುವಂಥದೇ. ಆಚರಣೆಯಲ್ಲಿ ಮಾತ್ರ ಕಾಣದು. ಎರಡು ಬಕೆಟ್ ನೀರು, ಒಂದು ಬಕೆಟ್ ಮರಳು ಪಕ್ಕದಲ್ಲಿರಬೇಕು. ಮೈಗಂಟುವ ಹತ್ತಿಯ ಉಡುಪು, ಕಾಲಿಗೆ ಚಪ್ಪಲಿ; ಮಡಿಯುಟ್ಟವರು, ಜರಿಸೀರೆಯುಟ್ಟವರು ಹಚ್ಚುವ ಕೆಲಸಕ್ಕೆ ಕೈಹಾಕದೆ ನೋಡುತ್ತ ಕುಳಿತರೆ ಕ್ಷೇಮ. ಪಟಾಕಿಯ ಮೇಲೆ ಮುಖ ಬಾಗಿಸದೆ, ಉದ್ದನೆಯ ಊದುಕಡ್ಡಿಯಿಂದ ಹಚ್ಚಿ ಹಿಂದೆ ಸರಿಯಬೇಕು. ಡಬ್ಬಿ, ಬಾಟಲಿ, ತೆಂಗಿನ ಚಿಪ್ಪುಗಳ ಕೆಳಗಿಟ್ಟು ಸಿಡಿಸಿದರೆ ಚೂರುಗಳೇ ಗುಂಡುಗಳಾಗುತ್ತವೆ. ಠುಸ್ಸಾದ ಪಟಾಕಿಯ ಬಳಿಗೆ ಬಾಗಿ ನೋಡುವುದರಿಂದ, ಅರೆಯುರಿದ ಹೂಕುಂಡವನ್ನು ಮತ್ತೆ ಹಚ್ಚುವುದರಿಂದ ಕಣ್ಣು ಕಳೆದುಕೊಂಡವರು ಅನೇಕ. ಅದರ ಮೇಲೆ ದೂರದಿಂದ ನೀರು ಸುರಿದು ಬಿಟ್ಟುಬಿಡಬೇಕು. ಸುರುಸುರುಬತ್ತಿ ನಿರುಪದ್ರವಿ ಎಂಬ ಭ್ರಮೆಯೂ ಬೇಡ. ಅದರ ತುದಿಯ ಕಾವು ಸುಮಾರು ಸಾವಿರ ಡಿಗ್ರಿ. ಉರಿದು ಮುಗಿದ ತಂತಿಯನ್ನು ಬೀದಿಗೆಸೆದರೆ ಬರಿಗಾಲಿನ ಇನ್ನೊಂದು ಮಗು ಅದನ್ನು ತುಳಿಯುತ್ತದೆ. ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಗೆ ಪ್ರತಿ ದೀಪಾವಳಿಗೆ ಬರುವ ಗಾಯಾಳುಗಳಲ್ಲಿ ಪಟಾಕಿ ಹಚ್ಚದೆ ಸುಮ್ಮನೆ ನಿಂತಿದ್ದವರೂ, ದಾರಿಯಲ್ಲಿ ಹೋಗುತ್ತಿದ್ದವರೂ ಇರುತ್ತಾರೆ.

ಕಣ್ಣಿಗೆ ಪೆಟ್ಟು ಬಿದ್ದರೆ ಉಜ್ಜಬಾರದು, ಒತ್ತಬಾರದು. ಮದ್ದಿನ ಪುಡಿ ಮಾತ್ರ ಬಿದ್ದಿದ್ದರೆ ಶುದ್ಧ ನೀರಿನಿಂದ ಧಾರಾಳವಾಗಿ ತೊಳೆಯಬೇಕು. ಕಣ್ಣು ಸೀಳಿದ್ದರೆ ಅಥವಾ ಚೂರು ನಾಟಿದ್ದರೆ ತೊಳೆಯದೆ, ಕಾಗದದ ಲೋಟವನ್ನು ಕಣ್ಣಿಗೆ ಒತ್ತದಂತೆ ಕವುಚಿ ಕಟ್ಟಿ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ವಿಶಾಖಪಟ್ಟಣದಲ್ಲಿ ಸರ್ಕಾರಿ ಪ್ರಾದೇಶಿಕ ಕಣ್ಣಾಸ್ಪತ್ರೆಯೂ ಎಲ್. ವಿ. ಪ್ರಸಾದ್ ಸಂಸ್ಥೆಯ ಆಸ್ಪತ್ರೆಯೂ ಇವೆ. ಸುಟ್ಟ ಗಾಯವನ್ನು ನಲ್ಲಿಯ ಹರಿಯುವ ನೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಬೇಕು. ಮಸಿ, ಬೆಣ್ಣೆ, ಟೂತ್‌ಪೇಸ್ಟ್, ಮಂಜುಗಡ್ಡೆ, ಯಾವುದೂ ಬೇಡ.

ಹಸಿರು ಪಟಾಕಿಯೆಂಬುದು ನಾಗಪುರದ ರಾಷ್ಟ್ರೀಯ ಪರಿಸರ ಇಂಜಿನಿಯರಿಂಗ್ ಸಂಶೋಧನಾ ಸಂಸ್ಥೆ ರೂಪಿಸಿ 2019ರಲ್ಲಿ ಬಳಕೆಗೆ ಬಂದದ್ದು. ಹೊಗೆಯ ಕಣಗಳು ಶೇಕಡಾ 30ರಷ್ಟು ಕಡಿಮೆ. ಶೇಕಡಾ 70 ಉಳಿದೇ ಇದೆಯೆಂಬುದನ್ನು ಹೆಸರಿನ ಹಸಿರು ಮರೆಸಬಾರದು.

ಈ ಎಲ್ಲ ಎಚ್ಚರಗಳನ್ನು ಒಂದೊಂದು ಮನೆಯೂ ಬೇರೆಬೇರೆಯಾಗಿ ಪಾಲಿಸುವುದು ಕಷ್ಟ. ಹತ್ತು ಮನೆ ಸೇರಿದರೆ ಸುಲಭ. ಅಪಾರ್ಟ್‌ಮೆಂಟಿಗೋ ಕಾಲೋನಿಗೋ ಒಂದು ಬಯಲು, ಒಂದು ಗಂಟೆ, ಒಬ್ಬ ಹೊಣೆಗಾರ. ಹಬ್ಬಕ್ಕೆ ಒಂದು ವಾರ ಮುನ್ನ ಮೆಟ್ಟಿಲ ಬಳಿ ತೆಲುಗಿನಲ್ಲೂ ಕನ್ನಡದಲ್ಲೂ ನಾಲ್ಕು ಸಾಲಿನ ಸೂಚನೆ: ಇಂತಹ ದಿನ, ಇಷ್ಟು ಹೊತ್ತಿನಿಂದ ಇಷ್ಟು ಹೊತ್ತಿನವರೆಗೆ, ಇಂತಹ ಜಾಗದಲ್ಲಿ ಪಟಾಕಿ ಹಚ್ಚಲಾಗುವುದು. ಅದನ್ನು ಓದಿದ ಮೊದಲನೆಯ ಮಹಡಿಯ ಬಾಣಂತಿ ಆ ಹೊತ್ತಿಗೆ ಹಿಂದಿನ ಕೋಣೆಗೆ ಹೋಗಬಹುದು. ನಾಯಿ ಸಾಕಿದವರು ಕಿಟಕಿ ಮುಚ್ಚಬಹುದು. ರಾತ್ರಿಪಾಳಿ ಮುಗಿಸಿ ಬಂದ ಲೋಕೋ ಪೈಲಟ್ ತನ್ನ ನಿದ್ರೆಯನ್ನು ಹೊಂದಿಸಿಕೊಳ್ಳಬಹುದು. ಮಾರನೆಯ ದಿನ ಅವನ ಹಿಂದೆ ಸಾವಿರಾರು ಪ್ರಯಾಣಿಕರಿರುತ್ತಾರೆ. ರೋಗಿಯಿರುವ ಮನೆಯವರು ಬಂದು ಒಂದು ಮಾತು ಹೇಳಿದರೆ ಜಾಗವನ್ನೇ ಬದಲಿಸಬಹುದು. ತೆಲುಗು ನೆರೆಯವರ ಹೊತ್ತು, ಕನ್ನಡಿಗರ ಹೊತ್ತು ಎರಡನ್ನೂ ಅದೇ ಕಾಗದದಲ್ಲಿ ಬರೆದರೆ ಮಕ್ಕಳು ಎರಡೂ ಕಡೆ ಸೇರುತ್ತಾರೆ.

ಪಾಡ್ಯಮಿಯ ಬೆಳಗ್ಗೆ ಪೌರಕಾರ್ಮಿಕರು ಬರುವುದನ್ನು ಕಾಯದೆ ಹಚ್ಚಿದವರೇ ಆ ಬಯಲನ್ನು ಗುಡಿಸಬೇಕು. ಕಾಗದದ ಚೂರು, ಸುಟ್ಟ ತಂತಿ, ಸಿಡಿಯದೆ ಉಳಿದ ಪಟಾಕಿ, ಎಲ್ಲವನ್ನೂ ನೀರಿನಲ್ಲಿ ನೆನೆಸಿ ಪ್ರತ್ಯೇಕವಾಗಿ ಕಟ್ಟಿಡಬೇಕು. ಒಣ ಕಸದೊಡನೆ ಬೆರೆಸಿದರೆ ಕಸದ ಗಾಡಿಯಲ್ಲಿ ಸಿಡಿಯಬಹುದು. ಗಂಧಕದ ಈ ಚೂರುಗಳು ಬಾಳೆಲೆ, ಹೂವಿನ ನಿರ್ಮಾಲ್ಯಗಳೊಡನೆ ಬೀದಿಯ ಬದಿಯಲ್ಲಿ ಬಿದ್ದಿದ್ದರೆ ದನಗಳು ಅವನ್ನೂ ಸೇರಿಸಿ ತಿನ್ನುತ್ತವೆ. ಆದ್ದರಿಂದ ಗೋಪೂಜೆಗೆ ಹಸುವನ್ನು ಕರೆತರುವ ಮುನ್ನವೇ, ಅದು ನಡೆದು ಬರುವ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಪೊರಕೆಯಾಡಬೇಕು.